ಪದ ಪರಿಚಯ: ಎಕ್ಸಾರ್ಫಿನ್

ಎಕ್ಸಾರ್ಫಿನ್ ಎಂಬ ಪದದ ಕೊನೆಯಲ್ಲಿರುವುದು ಮಾರ್ಫಿನ್, ಅಂದರೆ ಅಫೀಮಿನಲ್ಲಿರುವ ನೋವುನಿವಾರಕ. ಮೊದಲಲ್ಲಿರುವುದು ‘ಹೊರಗಿನ’ ಎಂಬರ್ಥದ ಗ್ರೀಕ್ ಉಪಸರ್ಗ. ನಮ್ಮ ದೇಹವೇ ತಯಾರಿಸಿಕೊಳ್ಳುವ ನೋವುನಿವಾರಕ ಪೆಪ್ಟೈಡ್‌ಗಳಿಗೆ (ಅಮೈನೋ ಆಮ್ಲಗಳ ಪುಟ್ಟ ಸರಗಳಿಗೆ) ‘ಒಳಗಿನ ಮಾರ್ಫಿನ್’ ಎಂಬರ್ಥದಲ್ಲಿ ಎಂಡಾರ್ಫಿನ್ ಎಂಬ ಹೆಸರು 1970ರ ದಶಕದಲ್ಲಿ ಬಳಕೆಗೆ ಬಂದಿತ್ತು. ಆಹಾರದ ಪ್ರೋಟೀನು ಜೀರ್ಣವಾಗುವಾಗ ಬಿಡುಗಡೆಯಾಗಿ ಅದೇ ಬಗೆಯ ಕೆಲಸ ಮಾಡಬಲ್ಲ ತುಣುಕುಗಳನ್ನು ಗುರುತಿಸಿದ ಝಿಯೌಡ್ರೌ, ಸ್ಟ್ರೀಟಿ ಮತ್ತು ಕ್ಲೀ ಎಂಬ ಸಂಶೋಧಕರು 1979ರಲ್ಲಿ ಅವನ್ನು ಎಕ್ಸಾರ್ಫಿನ್ ಎಂದು ಕರೆದರು. ಹೊರಗಿನಿಂದ ಬಂದು ಒಳಗಿನದರ ಕೆಲಸ ಮಾಡುವಂಥದ್ದು ಎಂಬುದು ಈ ಪದದ ತಿರುಳು.

ಪದವನ್ನು ಇನ್ನಷ್ಟು ಬಿಡಿಸುವ ಮೊದಲು ಓಪಿಯಾಯ್ಡ್ ಗ್ರಾಹಕ ಎಂದರೇನೆಂದು ತಿಳಿದಿರಬೇಕು: ಮಾರ್ಫಿನ್‌ನಂಥ ಓಪಿಯಾಯ್ಡ್ ವಸ್ತುಗಳು ಕೀಲಿಯಂತೆ ಹೊಂದಿ ಕೂರುವ ಬೀಗ ಅದು. ಮಿದುಳು, ಬೆನ್ನುಹುರಿ, ಕರುಳು ಮುಂತಾದೆಡೆ ನರಕೋಶಗಳ ಪೊರೆಯಲ್ಲಿ ಹುದುಗಿರುವ ಈ ಪ್ರೋಟೀನುಗಳಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂಬ ಮೂರು ಮುಖ್ಯ ಬಗೆಗಳಿವೆ. ಇವುಗಳ ಇರವು ಪ್ರಯೋಗದಲ್ಲಿ ಖಚಿತವಾದದ್ದು 1973ರಲ್ಲಿ. ಎಲ್ಲೋ ಬೆಳೆಯುವ ಅಫೀಮಿನ ಗಿಡದ ಹಾಲಿಗೆ ಹೊಂದುವಂಥ ಬೀಗ ನಮ್ಮ ನರಗಳಲ್ಲಿ ಏಕಿರಬೇಕು ಎಂಬ ಪ್ರಶ್ನೆಗೆ 1975ರಲ್ಲಿ ಉತ್ತರ ದೊರೆಯಿತು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಸ್ ಅವರು ಹಂದಿಯ ಮಿದುಳಿನಿಂದ ಎನ್ಕೆಫಲಿನ್ ಎಂಬ ಐದೈದು ಅಮೈನೋ ಆಮ್ಲಗಳ ಎರಡು ಪುಟ್ಟ ಪೆಪ್ಟೈಡ್‌ಗಳನ್ನು ಬೇರ್ಪಡಿಸಿದರು. ಬೀಗ ಇದ್ದದ್ದು ಅವುಗಳಿಗಾಗಿ. ಮಾರ್ಫಿನ್ ಅದಕ್ಕೆ ಹೊಂದಿಕೊಂಡ ಕಳ್ಳಕೀಲಿ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಅಫೀಮಿನ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿರುವ ಮಾರ್ಫಿನ್ ಆಲ್ಕಲಾಯ್ಡ್ ಎಂಬ ಬೇರೆಯೇ ಜಾತಿಯ ರಾಸಾಯನಿಕ. ಪೆಪ್ಟೈಡ್ ಅಲ್ಲ, ಪ್ರೋಟೀನಿನ ತುಣುಕೂ ಅಲ್ಲ. (ಅದೇ ಗಿಡದ ಬೀಜವಾದ ಗಸಗಸೆಯನ್ನು ನಾವು ಪಾಯಸಕ್ಕೆ ಅರೆಯುತ್ತೇವೆ, ಹಬ್ಬದ ಊಟದ ನಂತರದ ನಿದ್ದೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ಹೋಳಿಗೆ, ತುಪ್ಪಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಾತು.) ಎಕ್ಸಾರ್ಫಿನ್ ಹಾಗಲ್ಲ. ಅದು ಗಿಡದಲ್ಲಿ ಬಿಡಿಯಾಗಿ ಇರುವುದೇ ಇಲ್ಲ. ನೂರಾರು ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನು ಸರದ ನಡುವೆ, ನಾಲ್ಕಾರು ಮಣಿಗಳ ಒಂದು ವರಸೆಯಾಗಿ, ಯಾವ ಕೆಲಸವನ್ನೂ ಮಾಡದೆ ಅಡಗಿರುತ್ತದೆ. ಜಠರದ ಪೆಪ್ಸಿನ್‌ನಂಥ ಕಿಣ್ವವು ಆ ವರಸೆಯ ಎರಡೂ ಕಡೆ ಸರಿಯಾದ ಜಾಗದಲ್ಲಿಯೇ ಕತ್ತರಿಸಿದಾಗ ಮಾತ್ರ ಅದು ಎಕ್ಸಾರ್ಫಿನ್ ಆಗುತ್ತದೆ.

ಗೋಧಿಯ ಗ್ಲುಟೆನ್ ಇದಕ್ಕೆ ಮೊದಲ ನಿದರ್ಶನ. 1990ರ ದಶಕದ ಆರಂಭದಲ್ಲಿ ಜಪಾನಿನ ಫುಕುಡೋಮೆ ಮತ್ತು ಯೋಶಿಕಾವಾ ಅವರು ಅದನ್ನು ಕಿಣ್ವಗಳಿಂದ ಕತ್ತರಿಸಿ ಹಲವು ತುಣುಕುಗಳನ್ನು ಗುರುತಿಸಿದರು. ಅವುಗಳಲ್ಲಿ ಬಿ5 ಎಂಬುದರ ಮಣಿಗಳ ಸಾಲು ಟೈರೋಸಿನ್, ಗ್ಲೈಸಿನ್, ಗ್ಲೈಸಿನ್, ಟ್ರಿಪ್ಟೋಫಾನ್, ಲ್ಯೂಸಿನ್. ನಮ್ಮ ಮಿದುಳಿನ ಲ್ಯೂಸಿನ್-ಎನ್ಕೆಫಲಿನ್‌ನದು ಟೈರೋಸಿನ್, ಗ್ಲೈಸಿನ್, ಗ್ಲೈಸಿನ್, ಫಿನೈಲಲನಿನ್, ಲ್ಯೂಸಿನ್. ಐದರಲ್ಲಿ ನಾಲ್ಕು ಒಂದೇ! ಎರಡರಲ್ಲಿಯೂ ಮೊದಲ ಮಣಿ ಟೈರೋಸಿನ್ ಆಗಿರುವುದು ಆಕಸ್ಮಿಕವಲ್ಲ. ಅದರ ಫೀನಾಲ್ ಉಂಗುರವೂ ಪಕ್ಕದ ಸಾರಜನಕವೂ ಮಾರ್ಫಿನ್ ಅಣುವಿನ ಒಂದು ಬದಿಯನ್ನು ಹೋಲುವುದರಿಂದ ಗ್ರಾಹಕದ ಕುಳಿಯಲ್ಲಿ ಹೊಕ್ಕು ಕೂರುವುದು ಈ ಮಣಿಯೇ. ಹೋಲಿಕೆಯೊಂದೇ ಸಾಲದು, ಒರೆಗಲ್ಲು ಬೇರೆ ಇದೆ: ವಿದ್ಯುತ್ ಪ್ರಚೋದನೆಗೆ ಸಂಕುಚಿಸುತ್ತಿರುವ ಇಲಿಯ ವೀರ್ಯನಾಳವನ್ನು ತುಣುಕು ಸಡಿಲಿಸಬೇಕು, ಮತ್ತು ಓಪಿಯಾಯ್ಡ್ ಗ್ರಾಹಕವನ್ನು ಅಡ್ಡಗಟ್ಟುವ ನ್ಯಾಲಾಕ್ಸೋನ್ ಹಾಕಿದೊಡನೆ ಆ ಪರಿಣಾಮ ಇಲ್ಲವಾಗಬೇಕು.

ಪಾಲಕ್ ಸೊಪ್ಪಿನ ಕಥೆ ಇದಕ್ಕಿಂತ ಸ್ವಾರಸ್ಯಕರ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ರೂಬಿಸ್ಕೋ ಎಂಬ ಕಿಣ್ವವು ಹಸಿರೆಲೆಗಳಲ್ಲಿ ಎಲ್ಲಕ್ಕಿಂತ ಹೇರಳವಾಗಿರುವ ಪ್ರೋಟೀನು. ಓಪಿಯಾಯ್ಡ್ ಗುಣಕ್ಕೆ ಯಾವ ಬಗೆಯ ಸಾಲು ಬೇಕೆಂಬುದನ್ನು ಅಷ್ಟರಲ್ಲಿ ಅರಿತಿದ್ದ ಯೋಶಿಕಾವಾ ಅವರ ತಂಡ, ಎಲೆ ಅರೆಯುವುದಕ್ಕೆ ಮೊದಲು ಈ ಪ್ರೋಟೀನಿನ ಈಗಾಗಲೇ ತಿಳಿದಿದ್ದ ಸಾಲನ್ನೇ ಓದಿ ನೋಡಿತು. 103ರಿಂದ 108ನೆಯ ಸ್ಥಾನದವರೆಗೆ ಟೈರೋಸಿನ್, ಪ್ರೋಲಿನ್, ಲ್ಯೂಸಿನ್, ಆಸ್ಪಾರ್ಟಿಕ್ ಆಮ್ಲ, ಲ್ಯೂಸಿನ್, ಫಿನೈಲಲನಿನ್ ಎಂಬ ಆರು ಮಣಿಗಳು ಕಂಡವು. ಅಷ್ಟನ್ನೇ ಪ್ರಯೋಗಾಲಯದಲ್ಲಿ ಜೋಡಿಸಿ ಪರೀಕ್ಷಿಸಿದಾಗ ಅದು ಡೆಲ್ಟಾ ಗ್ರಾಹಕವನ್ನು ಆರಿಸಿಕೊಂಡು ಕೆಲಸ ಮಾಡಿತು. 2001ರಲ್ಲಿ ಅದಕ್ಕೆ ರೂಬಿಸ್ಕೋಲಿನ್-6 ಎಂದೂ, ಕೊನೆಯ ಮಣಿಯಿಲ್ಲದ ಅದರ ತಮ್ಮನಿಗೆ ರೂಬಿಸ್ಕೋಲಿನ್-5 ಎಂದೂ ನಾಮಕರಣವಾಯಿತು. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗಲೂ ಇವು ಪರಿಣಾಮ ತೋರಿದವು. ಸಾಮಾನ್ಯವಾಗಿ ಹೊಟ್ಟೆಯಲ್ಲಿಯೇ ಚೂರುಚೂರಾಗುವ ಪೆಪ್ಟೈಡ್‌ಗಳ ಮಟ್ಟಿಗೆ ಇದು ಗಮನಾರ್ಹ. ಎರಡನೆಯ ಸ್ಥಾನದ ಪ್ರೋಲಿನ್ ಸರದ ತುದಿಯನ್ನು ಕಡಿಯುವ ಕಿಣ್ವಗಳಿಗೆ ಸುಲಭವಾಗಿ ಮಣಿಯದಿರುವುದು ಇದಕ್ಕೆ ನೆರವಾಗಿರಬೇಕು.

ಇಷ್ಟನ್ನು ಓದಿ ಪಾಲಕ್ ಪಲ್ಯ ನೋವಿನ ಮದ್ದೆಂದೋ, ಚಪಾತಿ ಅಫೀಮಿನ ಸಮಾನವೆಂದೋ ತೀರ್ಮಾನಿಸುವವರಿದ್ದಾರೆ. ಎರಡೂ ಅತಿರೇಕವೆಂದೇ ನನ್ನ ಎಣಿಕೆ. ಎನ್ಕೆಫಲಿನ್ ನ್ಯಾನೋಮೋಲಾರ್ ಪ್ರಮಾಣದಲ್ಲಿಯೇ ಮಾಡುವ ಕೆಲಸಕ್ಕೆ ರೂಬಿಸ್ಕೋಲಿನ್‌ಗೆ ಮೈಕ್ರೋಮೋಲಾರ್ ಪ್ರಮಾಣ, ಅಂದರೆ ಸಾವಿರಪಟ್ಟಿನ ಲೆಕ್ಕದಲ್ಲಿ ಹೆಚ್ಚು ಬೇಕು. ತಟ್ಟೆಯ ಪ್ರೋಟೀನಿನಿಂದ ಆ ತುಣುಕು ಸರಿಯಾಗಿ ಕತ್ತರಿಸಿ ಬಂದು, ಮುಂದಿನ ಕಿಣ್ವಗಳಿಂದ ಪಾರಾಗಿ, ಕರುಳಿನ ಗೋಡೆ ದಾಟಿ, ರಕ್ತದಿಂದ ಮಿದುಳನ್ನು ಸೇರುವುದೆಂದರೆ ಪ್ರತಿ ಹಂತದಲ್ಲೂ ಸೋರಿಕೆ. ಪ್ರಯೋಗಾಲಯದ ಶುದ್ಧ ಪೆಪ್ಟೈಡಿನ ಗುಣವನ್ನು ಸೊಪ್ಪಿಗೆ ಆರೋಪಿಸಲಾಗದು.

ಔಷಧ ಮಾಡಹೊರಟವರಿಗೂ ಅಡ್ಡಿ ಇವೇ. ಮಾರ್ಫಿನ್ ಮುಖ್ಯವಾಗಿ ಹಿಡಿಯುವ ಮ್ಯೂ ಗ್ರಾಹಕವು ನೋವಿನ ಜೊತೆಗೆ ಉಸಿರನ್ನೂ ತಗ್ಗಿಸುತ್ತದೆ, ಚಟಕ್ಕೂ ದಾರಿಯಾಗುತ್ತದೆ. ಆದ್ದರಿಂದ ಡೆಲ್ಟಾ, ಕಪ್ಪಾಗಳತ್ತ ಕಣ್ಣು. ಕಪ್ಪಾ ಗ್ರಾಹಕದ ತೊಡಕೆಂದರೆ, ಮಿದುಳಿನಲ್ಲಿ ಅದನ್ನು ಚುರುಕುಗೊಳಿಸಿದರೆ ಮನಸ್ಸು ಕದಡುತ್ತದೆ. ಪೆಪ್ಟೈಡ್ ಮಿದುಳಿಗೆ ಸುಲಭವಾಗಿ ನುಗ್ಗದು ಎಂಬ ಕೊರತೆಯೇ ಇಲ್ಲಿ ಅನುಕೂಲವಾಗಿ ಪರಿಣಮಿಸುತ್ತದೆ. ಡಯಾಲಿಸಿಸ್ ರೋಗಿಗಳ ತುರಿಕೆಗೆಂದು 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಿಫೆಲಿಕೆಫಲಿನ್, ಮಿದುಳಿನ ಹೊರಗಿನ ಕಪ್ಪಾ ಗ್ರಾಹಕವನ್ನು ಮುಟ್ಟುವ ಕೃತಕ ಪೆಪ್ಟೈಡೇ. ಅದು ಸಸ್ಯದ್ದಲ್ಲ, ಆದರೆ ದಾರಿ ಉಂಟೆಂಬುದನ್ನು ತೋರಿಸಿಕೊಟ್ಟಿದೆ.

ಜೀರ್ಣವಾಗದ ಪೆಪ್ಟೈಡಿನ ಮಾದರಿಯೂ ಗಿಡಗಳಲ್ಲಿಯೇ ಸಿಕ್ಕಿತು. 1960ರ ದಶಕದಲ್ಲಿ ಕಾಂಗೋದಲ್ಲಿದ್ದ ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್, ಅಲ್ಲಿನ ಹೆಂಗಸರು ಹೆರಿಗೆ ಬೇಗ ಆಗಲೆಂದು ಕಲಾಟಾ-ಕಲಾಟಾ ಎಂಬ ಗಿಡದ ಕಷಾಯ ಕುಡಿಯುವುದನ್ನು ಕಂಡರು. ಕುದಿಸಿದರೂ ಕೆಡದ ಅದರ ಸತ್ವ 29 ಅಮೈನೋ ಆಮ್ಲಗಳ ಒಂದು ಬಳೆ, ಒಳಗೆ ಮೂರು ಗಂಧಕದ ಬೆಸುಗೆಗಳ ಗಂಟು. ಕಿಣ್ವಕ್ಕೆ ಕಡಿಯಲು ತುದಿಯೇ ಇಲ್ಲ. ಸೂರ್ಯಕಾಂತಿ ಬೀಜದಲ್ಲಿಯೂ 14 ಅಮೈನೋ ಆಮ್ಲಗಳ ಇಂಥದ್ದೇ ಪುಟ್ಟ ಬಳೆಯೊಂದಿದೆ. ವಿಯೆನ್ನಾದ ಕ್ರಿಶ್ಚಿಯನ್ ಗ್ರೂಬರ್ ಅವರ ತಂಡ ಮತ್ತು ಸಹೋದ್ಯೋಗಿಗಳು ಆ ಬಳೆಗೆ, ಕಪ್ಪಾ ಗ್ರಾಹಕಕ್ಕೆ ಹೊಂದುವ ನಮ್ಮ ದೇಹದ ಡೈನಾರ್ಫಿನ್ ಎಂಬ ಪೆಪ್ಟೈಡಿನ ತುಣುಕನ್ನು, ಮಾವಿಗೆ ಕಸಿ ಕಟ್ಟುವಂತೆ ಕಟ್ಟಿ, ಹೀಲಿಯಾನಾರ್ಫಿನ್-19 ಎಂಬುದನ್ನು 2021ರಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ದೀರ್ಘಕಾಲದ ಹೊಟ್ಟೆನೋವನ್ನು ಅದು ತಗ್ಗಿಸಿತು.

ಹೀಲಿಯಾನಾರ್ಫಿನ್ ಅನ್ನು ಎಕ್ಸಾರ್ಫಿನ್ ಎನ್ನಬಹುದೇ? ಪದದ ಮೂಲ ಅರ್ಥಕ್ಕೆ ಅಂಟಿಕೊಂಡರೆ ಎನ್ನಲಾಗದು: ಅದು ಆಹಾರ ಜೀರ್ಣವಾಗಿ ಬಂದದ್ದಲ್ಲ, ಮತ್ತು ಅದರಲ್ಲಿ ಗ್ರಾಹಕವನ್ನು ಹಿಡಿಯುವ ಭಾಗ ಸೂರ್ಯಕಾಂತಿಯದಲ್ಲ, ಡೈನಾರ್ಫಿನ್‌ನದು. ಗ್ಲುಟೆನ್ ತುಣುಕುಗಳು, ರೂಬಿಸ್ಕೋಲಿನ್, ಸೋಯಾದಿಂದ ದೊರೆಯುವ ಸೋಯ್‌ಮಾರ್ಫಿನ್ ಇವು ಮಾತ್ರ ಆ ಹೆಸರಿಗೆ ನೇರವಾಗಿ ಸಲ್ಲುತ್ತವೆ. ಹಾಲಿನ ಕೇಸೀನಿನಿಂದ ಬರುವ ಕೇಸೋಮಾರ್ಫಿನ್ ಕೂಡ ಸಸ್ಯಮೂಲದ್ದಲ್ಲದಿದ್ದರೂ ಎಕ್ಸಾರ್ಫಿನ್ನೇ.