ಶಿಬಿರ ಮುಗಿದ ಮೇಲೆ ಕೇರಿಗೆ ಉಳಿದದ್ದೇನು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಗಳಿಗೆ ಎನ್‌ಎಸ್‌ಎಸ್, ಅಂದರೆ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಹೊಸದೇನಲ್ಲ. ಬೆಳಗ್ಗೆ ಪ್ರಭಾತಫೇರಿ, ತಿಂಡಿಗೆ ಉಪ್ಪಿಟ್ಟು, ಆಮೇಲೆ ಶ್ರಮದಾನ. ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಏಳನೇ ದಿನ ಸಮಾರೋಪ, ಹಾರ-ಶಾಲು, ಗ್ರೂಪ್ ಫೋಟೊ. ಹುಡುಗರು ಬಸ್ ಹತ್ತುತ್ತಾರೆ. ಅವರು ಎತ್ತಿದ ಚರಂಡಿ ಮುಂದಿನ ಮಳೆಗೆ ಮತ್ತೆ ಕಟ್ಟಿಕೊಳ್ಳುತ್ತದೆ.

ಇದನ್ನು ಹೇಳಿ ನಗೋದು ಸುಲಭ. ಆದರೆ ಈ ಏರ್ಪಾಡು ಯಾವಾಗ ಬಂತು, ಯಾರಿಗಾಗಿ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ನಾವು ಅದರಿಂದ ಕೇಳುತ್ತಿರುವುದೇ ಬೇರೆ, ಅದು ಮಾಡಲು ಹೊರಟಿದ್ದೇ ಬೇರೆ ಅನ್ನುವುದು ಗೊತ್ತಾಗುತ್ತದೆ.

ವಿಶ್ವವಿದ್ಯಾಲಯ ಊರಿನ ಕಡೆ ಮುಖ ಮಾಡಬೇಕು ಅನ್ನುವ ಮಾತು ನಮ್ಮಲ್ಲಿ ಹಳೆಯದು. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ ಮುಂದೆ ಪ್ರಚಾರೋಪನ್ಯಾಸಗಳನ್ನು ನಡೆಸಿತು. ಮೇಷ್ಟ್ರುಗಳು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಮಾತುಗಳೇ ಜೇಬಿಗೆ ಹಿಡಿಸುವಂಥ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಹಳೆ ಮನೆಗಳ ಅಟ್ಟದಲ್ಲಿ ಅವು ಈಗಲೂ ಕೈಗೆ ಸಿಗುವುದುಂಟು. ಒಳ್ಳೆಯ ಕೆಲಸವೇ. ಆದರೆ ಅಕ್ಷರ ಬಂದವರಿಗೆ, ಊರ ಮುಂದಿನ ಜಗಲಿಯಲ್ಲಿ ಕೂರುವ ಹಕ್ಕು ಇದ್ದವರಿಗೆ ತಲುಪಿದಷ್ಟು ಅದು ಉಳಿದವರಿಗೆ ತಲುಪಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮಾತು ವಿದ್ಯಾರ್ಥಿಗಳ ಕಡೆ ತಿರುಗಿತು. ರಾಧಾಕೃಷ್ಣನ್ ಆಯೋಗ ಸ್ವಯಂಸೇವೆಯ ಮಾತೆತ್ತಿತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ರಚನೆಯಾಯಿತು. 1964-66ರ ಕೊಠಾರಿ ಆಯೋಗವೂ ಅದನ್ನೇ ಒತ್ತಿ ಹೇಳಿತು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ಒಂದು ವಿಶೇಷ ಶಿಬಿರ. ಈಗಲೂ ಹೆಚ್ಚುಕಮ್ಮಿ ಅದೇ ಲೆಕ್ಕ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಯೋಜನೆಯ ಮೂಲ ಉದ್ದೇಶ ಅಂತ ಬರೆದಿರುವುದು ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ಬೆಳೆಸುವುದು. ಅಂದರೆ ಪಾಠ ಕಲಿಯಬೇಕಾದವನು ಶಿಬಿರಕ್ಕೆ ಬಂದ ಹುಡುಗ. ಹಳ್ಳಿ ಅವನ ಪಾಠಶಾಲೆ. ಆ ಮಟ್ಟಿಗೆ ಯೋಜನೆ ಸೋತಿಲ್ಲ ಅಂತಲೇ ನನ್ನ ಲೆಕ್ಕ. ಸರ್ಕಾರಿ ಶಾಲೆಯ ಒಂದೇ ಹಾಲ್‌ನಲ್ಲಿ ಐವತ್ತು ಜನ ಚಾಪೆ ಹಾಸಿ ಮಲಗುತ್ತಾರೆ. ಬೇರೆ ಬೇರೆ ಜಾತಿಯ ಹುಡುಗರು ಒಂದೇ ಪಾತ್ರೆಯ ಸಾರು ಬಡಿಸಿಕೊಂಡು ತಿನ್ನುತ್ತಾರೆ. ಮನೆಯಲ್ಲಿ ತಟ್ಟೆ ತೊಳೆಯದವನು ಅಲ್ಲಿ ನೂರು ಲೋಟ ತೊಳೆಯುತ್ತಾನೆ. ಅದು ಸಣ್ಣ ವಿಷಯವಲ್ಲ. ಆದರೆ ಅದು ಕೇರಿಗೆ ಆದ ಉಪಕಾರವೂ ಅಲ್ಲ, ಅಲ್ವಾ?

ಶಿಬಿರ ಎಲ್ಲಿ ಇಳಿದುಕೊಳ್ಳುತ್ತದೆ ನೋಡಿ. ಊರ ಮಧ್ಯದ ಶಾಲೆ ಇಲ್ಲವೇ ಸಮುದಾಯ ಭವನ. ಅಕ್ಕಿ, ರಾಗಿ, ತೆಂಗಿನಕಾಯಿ ಕೊಡುವವರು ಊರಿನ ಅನುಕೂಲಸ್ಥರು. ಹಾಗಾಗಿ ಶ್ರಮದಾನದ ಮೊದಲ ದಿನ ದೇವಸ್ಥಾನದ ಮುಂದಿನ ಪಾರ್ಥೇನಿಯಂ ಕೀಳುವುದಕ್ಕೇ ಹೋಗುತ್ತದೆ. ಎಸ್‌ಸಿ ಕಾಲೋನಿಗೆ ಹೋಗುವುದು ಸಮೀಕ್ಷೆಯ ದಿನ, ಕೈಯಲ್ಲಿ ಫಾರಂ ಹಿಡಿದು. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯೋ, ಯಾರು ಎಷ್ಟು ಓದಿದ್ದಾರೆ. ಆ ಫಾರಂ ಆಮೇಲೆ ಎಲ್ಲಿ ಹೋಯಿತು ಅಂತ ಕಾಲೋನಿಯವರು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

1977ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಂದು ಹೆಜ್ಜೆ ಮುಂದೆ ಹೋಗಿ, ಪಾಠ ಮತ್ತು ಸಂಶೋಧನೆಯ ಹಾಗೆ ವಿಸ್ತರಣೆಯೂ, ಅಂದರೆ ಜನರ ನಡುವೆ ಹೋಗಿ ಮಾಡುವ ಕೆಲಸವೂ ವಿಶ್ವವಿದ್ಯಾಲಯದ ಮೂರನೇ ಕರ್ತವ್ಯ ಅಂತ ಒಪ್ಪಿಕೊಂಡಿತು. ಅದರ ಮರುವರ್ಷ, 1978ರ ಅಕ್ಟೋಬರ್ 2ಕ್ಕೆ, ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು. 1986ರಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ಅಕ್ಷರ ಕಲಿಸುವ ಕೆಲಸಕ್ಕೆ ದೊಡ್ಡ ಮಟ್ಟದಲ್ಲಿ ಇಳಿಸಿದರು. 1988ರಲ್ಲಿ ಸಾಕ್ಷರತಾ ಮಿಷನ್. ಆಗಿನ ಬೀದಿ ನಾಟಕ, ಜಾಥಾ, ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದ ಅಜ್ಜಿಯರು ಇಂದಿನ ಐವತ್ತು-ಅರವತ್ತರ ವಯಸ್ಸಿನವರಿಗೆ ಚೆನ್ನಾಗಿ ನೆನಪಿರುತ್ತದೆ.

ನಮ್ಮ ಈ ಮೂರು ಜಿಲ್ಲೆಗಳಲ್ಲಿ ಅದಕ್ಕೊಂದು ವಿಚಿತ್ರ ತೊಡಕಿತ್ತು. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಕೇರಿಗಳಲ್ಲಿ ಮನೆಮಾತು ತೆಲುಗು. ಕೆಜಿಎಫ್ ಗಣಿ ಕಾಲೋನಿಗಳಲ್ಲಿ ತಮಿಳು. ಕಲಿಸುವ ಪುಸ್ತಕ ಗ್ರಾಂಥಿಕ ಕನ್ನಡದ್ದು. ದಿನವಿಡೀ ಕೂಲಿ ಮಾಡಿ ಬಂದ ಹೆಂಗಸು ಮೊದಲು ಭಾಷೆ ದಾಟಿ, ಆಮೇಲೆ ಅಕ್ಷರಕ್ಕೆ ಬರಬೇಕಿತ್ತು. ಸಹಿ ಹಾಕಲು ಕಲಿತವರು ಜಾಸ್ತಿ. ಬಸ್ಸಿನ ಬೋರ್ಡು ಓದಲು ಕಲಿತವರು ಅಷ್ಟಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಬಗೆಯ ಕೆಲಸವೂ ನಡೆಯುತ್ತಿತ್ತು. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಬಡತನದ ಮನೆಯಿಂದ ಬಂದವರು. ಓದಬೇಕು ಅಂತ ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದವರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ಅವರು ರಚಿಸಿದ ಸಮಿತಿಯನ್ನೇ ಎಲ್ಲರೂ ಇವತ್ತಿಗೂ ನೆನೆಯುತ್ತಾರೆ. ಆದರೆ ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಶುರುವಾಗಲು ಅವರೇ ಮುಂದೆ ನಿಂತದ್ದು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿಯಲ್ಲಿ ಒಂದು ಕಾಲೇಜು ಅಂದರೆ ಏನು ಅಂತ ಅಲ್ಲಿನವರಿಗೇ ಗೊತ್ತು. ಬೆಂಗಳೂರಿಗೆ ಕಳಿಸುವ ಶಕ್ತಿ ಇಲ್ಲದ, ಮಗಳನ್ನಂತೂ ಕಳಿಸಲು ಒಪ್ಪದ ಮನೆಯವರು ಕೂಡ ‘ಇಲ್ಲೇ ತಾನೆ, ಹೋಗಿ ಬರಲಿ’ ಅನ್ನುವಂತಾಯಿತು. ಅಲ್ಲಿ ಯಾರೂ ಹಳ್ಳಿಯನ್ನು ದತ್ತು ತೆಗೆದುಕೊಳ್ಳಲಿಲ್ಲ. ಒಂದು ಕಟ್ಟಡ ಬಂತು, ಮೇಷ್ಟ್ರು ಬಂದರು, ವರ್ಷ ವರ್ಷವೂ ಬಾಗಿಲು ತೆರೆದೇ ಇತ್ತು.

ತುಮಕೂರಿನಲ್ಲಿ ಅದಕ್ಕಿಂತ ಮುಂಚೆಯೇ ಊಟ, ವಸತಿ, ಓದು ಮೂರನ್ನೂ ಸೇರಿಸಿ ಕೊಡುವ ರೂಢಿ ಇತ್ತು. ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಓದಿದರು. 1959ರಲ್ಲಿ ಶುರುವಾದ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಹಳ್ಳಿಗಾಡಿಗೆ ಶಾಲೆಗಳನ್ನು ಒಯ್ದಿತು. ಆಮೇಲೆ ದೇವರಾಜ ಅರಸು ಕಾಲ. ಹಾವನೂರು ಆಯೋಗದ ವರದಿ 1975ರಲ್ಲಿ ಬಂತು. ಹಿಂದುಳಿದ ವರ್ಗಗಳಿಗೆ ಮೀಸಲಾತಿ, ಹಾಸ್ಟೆಲ್, ವಿದ್ಯಾರ್ಥಿವೇತನ ಒಂದರ ಹಿಂದೆ ಒಂದು ಬಂದವು. ಇವು ಯಾವುದನ್ನೂ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಮಾಡಿದ್ದಲ್ಲ. ಆದರೂ ವಿಶ್ವವಿದ್ಯಾಲಯದ ಬೆಂಚಿನ ಮೇಲೆ ಯಾರು ಕೂರುತ್ತಾರೆ ಅನ್ನುವುದನ್ನು ಬದಲಾಯಿಸಿದ್ದು ಇವೇ.

ಕೃಷಿ ಮತ್ತು ವೈದ್ಯಕೀಯ ಕಾಲೇಜುಗಳ ದಾರಿ ಬೇರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಇರುತ್ತಾರೆ. ತಿಪಟೂರಿನ ಕೊನೇಹಳ್ಳಿ, ಚಿಂತಾಮಣಿಯ ಕುರುಬೂರು, ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ವಿದ್ಯಾರ್ಥಿಗಳು ಬಂದ ಹೊಸದರಲ್ಲಿ ಊರ ನಡುವೆ ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆಗೆ ನೀಲಿ, ಹೊಲಕ್ಕೆ ಹಸಿರು, ರಸ್ತೆಗೆ ಬಿಳಿ. ಜನ ಸುತ್ತ ನಿಂತು ‘ಅಲ್ಲಲ್ಲ, ಬೋರ್‌ವೆಲ್ ಆ ಕಡೆ’ ಅಂತ ತಿದ್ದುತ್ತಾರೆ. ನೋಡಲು ಚಂದ. ಹುಡುಗರು ಅಷ್ಟು ದಿನ ಇರುವುದರಿಂದ ಊರಿನ ಒಳಗುಟ್ಟೂ ಅವರಿಗೆ ತಿಳಿಯುತ್ತದೆ. ಆದರೆ ಪ್ರತಿ ವಿದ್ಯಾರ್ಥಿಯನ್ನೂ ಒಬ್ಬ ರೈತನಿಗೆ ಒಪ್ಪಿಸುವುದು ಪದ್ಧತಿ. ರೈತ ಅಂದರೆ ಜಮೀನು ಇರುವವನು. ಕೂಲಿಯವರ ಕಾಲೋನಿ ನಕ್ಷೆಯ ಅಂಚಿನಲ್ಲಿ ನಾಲ್ಕು ಚೌಕವಾಗಿ ಬರುತ್ತದೆ, ಅಷ್ಟೇ. 2011ರ ಜನಗಣತಿಯಂತೆ ರಾಜ್ಯದಲ್ಲೇ ಪರಿಶಿಷ್ಟ ಜಾತಿಯವರ ಪಾಲು ಅತಿ ಹೆಚ್ಚು ಇರುವುದು ಕೋಲಾರ ಜಿಲ್ಲೆಯಲ್ಲಿ, ಶೇ 30ಕ್ಕೂ ಮೇಲೆ. ಅಂಥ ಜಿಲ್ಲೆಯಲ್ಲಿ ಜಮೀನು ಇಲ್ಲದವರನ್ನು ಬಿಟ್ಟು ಊರು ಓದುವುದು ಅಂದರೆ ಅರ್ಧ ಊರನ್ನೇ ಬಿಟ್ಟಂತೆ.

ವೈದ್ಯಕೀಯ ಕಾಲೇಜುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಜೋಡಿಸುವ ಯೋಜನೆ 1977ರದ್ದು. ಈಗ ಕೆಲವು ವರ್ಷಗಳಿಂದ ಎಂಬಿಬಿಎಸ್ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿಕೊಳ್ಳಬೇಕು ಅನ್ನುವ ನಿಯಮ ಬಂದಿದೆ. ಒಂದೇ ಮನೆಗೆ ಮತ್ತೆ ಮತ್ತೆ ಹೋಗಬೇಕಾದ್ದರಿಂದ ಶಿಬಿರಕ್ಕಿಂತ ಇದು ಮೇಲು. ಪಾವಗಡದ ಕಡೆಯ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಂದು ಕಲೆಯ ಹಲ್ಲು, ಬಾಗಿದ ಮೊಣಕಾಲು ಅಲ್ಲಿ ಸಾಮಾನ್ಯ. ಒಂದು ದಿನದ ಉಚಿತ ತಪಾಸಣೆಯಲ್ಲಿ ಅದನ್ನು ಬರೆದುಕೊಳ್ಳಬಹುದು, ಮಾಡಲು ಏನೂ ಆಗುವುದಿಲ್ಲ.

ಇನ್ನು ಗೊಲ್ಲರಹಟ್ಟಿಗಳ, ಅಂದರೆ ಕಾಡುಗೊಲ್ಲರ ವಸತಿಗಳ ವಿಷಯ. ಶಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರಿಗೆ ಪವಿತ್ರ ಜಾಗ. ಅವರ ದೈವ ಜುಂಜಪ್ಪನ ಕಾವ್ಯವನ್ನು, ಹಟ್ಟಿಯ ಹೆಂಗಸರ ಹಾಡುಗಳನ್ನು ಜಾನಪದ ವಿದ್ವಾಂಸರು ದಶಕಗಳಿಂದ ಸಂಗ್ರಹಿಸಿದ್ದಾರೆ. ಪುಸ್ತಕ ಬಂದಿವೆ, ಪಿಎಚ್‌ಡಿ ಪದವಿ ಸಿಕ್ಕಿವೆ. ವಿಶ್ವವಿದ್ಯಾಲಯಕ್ಕೂ ಹಟ್ಟಿಗೂ ಇರುವ ಹಳೆಯ ನಂಟು ಇದೇ. ಟೇಪ್ ರೆಕಾರ್ಡರ್ ಹಿಡಿದು ಹೋಗಿ ತಂದದ್ದು ಬಹಳ. ಅದೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣು, ಬಾಣಂತಿ ಊರಾಚೆ ಗುಡಿಸಿಲಲ್ಲಿ ಇರಬೇಕು ಅನ್ನುವ ಕಟ್ಟುಪಾಡು ಉಳಿದೇ ಇತ್ತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ತಾಯಿಯ ಜೊತೆ ಹೊರಗಿದ್ದ ಹಸುಗೂಸು ಸತ್ತಾಗ ಎಲ್ಲರೂ ಬೆಚ್ಚಿದರು. ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗಳಿಗೆ ಹೋದರು. ಹೀಗೆ ಹೊರಗಿಡುವುದನ್ನು ತಡೆಯುವ ಕಾನೂನು 2017ರಲ್ಲೇ ಆಗಿ, 2020ರಿಂದ ಜಾರಿಯಲ್ಲೂ ಇತ್ತು. ಕಾಗದದ ಮೇಲೆ ಎಲ್ಲ ಸರಿ ಇತ್ತು.

ಜಾತಿಯ ವಿಷಯ ಬಂದಾಗಲಂತೂ ಶಿಬಿರಗಳು ಪಕ್ಕಕ್ಕೆ ಸರಿಯುತ್ತವೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಆರೋಪಿಗಳೆಲ್ಲ ಕೋರ್ಟಿನಲ್ಲಿ ಖುಲಾಸೆಯಾದರು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಸ್ವಚ್ಛತೆ, ಗಿಡ ನೆಡುವುದು, ರಕ್ತದಾನ ಇವೆಲ್ಲ ಯಾರಿಗೂ ಸಿಟ್ಟು ತರಿಸದ ವಿಷಯಗಳು. ಊರಿನವರ ಅಕ್ಕಿಯಲ್ಲಿ ಅನ್ನ ಮಾಡಿಕೊಂಡು ಊರಿನ ದೇವಸ್ಥಾನದೊಳಗೆ ಯಾರನ್ನು ಬಿಡುತ್ತೀರಿ ಅಂತ ಕೇಳುವ ಧೈರ್ಯ ಒಬ್ಬ ಅತಿಥಿ ಉಪನ್ಯಾಸಕನಿಗೆ ಎಲ್ಲಿಂದ ಬರಬೇಕು? ಅವನ ಕೆಲಸವೇ ವರ್ಷದಿಂದ ವರ್ಷಕ್ಕೆ ತೂಗಾಡುತ್ತಿರುತ್ತದೆ.

2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲಿ ನೆಲೆಸಿತು. ವಿಶ್ವವಿದ್ಯಾಲಯವೇ ಹತ್ತಿರ ಬಂತು ಅನ್ನಬಹುದು. ಈ ಹೊತ್ತಿಗೆ ಯೋಜನೆಗಳ ಹೆಸರೂ ಬದಲಾಗಿತ್ತು. 2014ರ ನವೆಂಬರ್‌ನಲ್ಲಿ ಉನ್ನತ ಭಾರತ ಅಭಿಯಾನ ಶುರುವಾಗಿ, ಒಂದೊಂದು ಸಂಸ್ಥೆ ಐದೈದು ಹಳ್ಳಿ ಆರಿಸಿಕೊಳ್ಳುವಂತಾಯಿತು. ಜೊತೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಅಂಕ. ವಿಸ್ತರಣಾ ಚಟುವಟಿಕೆಗೂ ಅಂಕ ಇರುವುದರಿಂದ ಜಿಯೋ ಟ್ಯಾಗ್ ಆದ ಫೋಟೊ ಬೇಕು, ಹಾಜರಾತಿ ಪಟ್ಟಿ ಬೇಕು, ವರದಿ ಬೇಕು. ಬ್ಯಾನರ್ ಇಲ್ಲದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಕಸ ಗುಡಿಸುವ ನಾಲ್ಕು ಜನ, ಅವರ ಹಿಂದೆ ಬ್ಯಾನರ್ ಹಿಡಿದ ಆರು ಜನ ಇರುವ ಫೋಟೊ ನೀವೂ ನೋಡಿರುತ್ತೀರಿ.

ನಡುವೆ ಸದ್ದಿಲ್ಲದೆ ಒಂದು ಬದಲಾವಣೆ ಆಗಿದೆ. ಇವತ್ತು ಈ ಎರಡು ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ ಕೂತಿರುವ ಎಷ್ಟೋ ಮಕ್ಕಳು ಅದೇ ಕೇರಿ, ಅದೇ ಹಟ್ಟಿ, ಅದೇ ತಾಂಡಾದವರು. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಮೆಟ್ಟಿಲು ಹತ್ತಿದವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಖರ್ಚು ಹೋಯಿತು. ನನ್ನ ಕೇಳಿದರೆ ಎಷ್ಟೋ ಜಾಗೃತಿ ಜಾಥಾಗಳಿಗಿಂತ ಆ ಟಿಕೆಟ್ ದೊಡ್ಡದು. ಹಾಗಿರುವಾಗ ಯಾರು ಯಾರ ಬಳಿಗೆ ಹೋಗಬೇಕು?

ವಿದ್ಯಾರ್ಥಿವೇತನದ ಅರ್ಜಿಯನ್ನೇ ತೆಗೆದುಕೊಳ್ಳಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಬೇಕು. ಆದಾಯ ಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಓಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಅಂತಿದ್ದರೆ ಅಲ್ಲಿಗೆ ನಿಂತಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಸೈಬರ್ ಸೆಂಟರ್‌ನವರು ದುಡ್ಡು ತೆಗೆದುಕೊಂಡು ತುಂಬಿ ಕೊಡುತ್ತಾರೆ, ತಪ್ಪಾದರೆ ಅವರು ಹೊಣೆಯಲ್ಲ. ಹಾಸ್ಟೆಲ್‌ನಲ್ಲಿದ್ದು ಎರಡು ವರ್ಷ ಈ ಪಾಡು ಪಟ್ಟು ಕಲಿತ ಹುಡುಗಿ ಹಬ್ಬಕ್ಕೆ ಊರಿಗೆ ಹೋದಾಗ, ಕಾಲೋನಿಯ ಮಕ್ಕಳ ಅರ್ಜಿಗಳನ್ನು ಸುಮ್ನೆ ಮೊಬೈಲ್‌ನಲ್ಲೇ ತುಂಬಿಸಿ ಬರುತ್ತಾಳೆ. ‘ಅಕ್ಕಾ, ನಂದೂ ಒಂದ್ಸಲ ನೋಡಕ್ಕಾ’ ಅಂತ ಹಿಂದೆ ಬೀಳುತ್ತಾರೆ. ಅದರ ಫೋಟೊ ಯಾರೂ ತೆಗೆಯುವುದಿಲ್ಲ, ಯಾವ ವರದಿಯಲ್ಲೂ ಅದು ಬರುವುದಿಲ್ಲ.

ಆ ಹುಡುಗಿಯ ಹೆಸರು ಎನ್‌ಎಸ್‌ಎಸ್ ಘಟಕದಲ್ಲಿದ್ದರೆ ಅವಳೂ ವರ್ಷಕ್ಕೆ 120 ಗಂಟೆ ಲೆಕ್ಕ ಕೊಡಬೇಕು. ಅರ್ಜಿ ತುಂಬಿಸಿದ ಗಂಟೆಗಳನ್ನು ಅದಕ್ಕೆ ಸೇರಿಸಿಕೊಳ್ಳಲು ಕಾಲೇಜಿಗೆ ದೊಡ್ಡ ಅಡ್ಡಿಯೇನೂ ಇಲ್ಲ. ಅರ್ಜಿಯ ಕೊನೆ ದಿನ ಹತ್ತಿರವಾದಾಗ ಎರಡು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಹಿಡಿದು ಐದಾರು ವಿದ್ಯಾರ್ಥಿಗಳು ಹಟ್ಟಿಯ ಅಂಗನವಾಡಿಯಲ್ಲಿ ಒಂದು ಭಾನುವಾರ ಕೂತರೆ ಎಷ್ಟೋ ಅರ್ಜಿ ದಾಟುತ್ತವೆ. ಅದಕ್ಕೆ ಉದ್ಘಾಟನೆ ಬೇಡ, ಶಾಲು ಬೇಡ. ಬೇಕಾದ್ದು ಕಾರ್ಯಕ್ರಮಾಧಿಕಾರಿಯ ಒಂದು ಸಹಿ, ಮತ್ತು ಆ ಭಾನುವಾರ ನೆಟ್‌ವರ್ಕ್.