ಬೇಸ್ ಗಿಟಾರಿಗೆ ಹೊಸ ಟ್ಯೂನರ್ ಹಾಕಿಸಲಾ, ಭಾರದ ಬ್ರಿಡ್ಜ್ ಹಾಕಿಸಲಾ?

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್ ಬೇಸ್, ನಾಲ್ಕು ತಂತಿ, ಜಾಝ್ ಬೇಸ್ ಮಾದರಿಯದು. ಎರಡು ಹಾಡು ನುಡಿಸುವಷ್ಟರಲ್ಲಿ ಶ್ರುತಿ ಇಳಿಯುತ್ತದೆ. ಎಡಗೈ ಬಿಟ್ಟರೆ ಬೇಸಿನ ತಲೆ ನೆಲದ ಕಡೆ ವಾಲುತ್ತದೆ. ಟ್ಯೂನರ್ ಬದಲಾಯಿಸಲಾ, ಭಾರದ ಬ್ರಿಡ್ಜ್ ಹಾಕಿಸಲಾ? ಯಾವುದನ್ನು ತಗೊಂಡರೆ ಇದಕ್ಕೆ ಸರಿಯಾಗಿ ಕೂರುತ್ತದೆ?

ಉತ್ತರ: ಇದು ಒಂದು ಪ್ರಶ್ನೆ ಅಲ್ಲ, ಎರಡು. ಶ್ರುತಿ ಇಳಿಯುವುದು ಒಂದು ಕಾಯಿಲೆ, ತಲೆ ವಾಲುವುದು ಇನ್ನೊಂದು. ಟ್ಯೂನರ್ ಬದಲಾಯಿಸಿದರೆ ತಲೆ ವಾಲುವುದಕ್ಕೆ ನಿಜವಾಗಿ ಉಪಯೋಗ ಇದೆ, ಶ್ರುತಿಗೆ ಬಹಳ ಸಲ ಏನೂ ಇಲ್ಲ. ಹೆಚ್ಚಿನವರು ಅಂದುಕೊಂಡಿರುವುದು ಇದಕ್ಕೆ ಉಲ್ಟಾ. ಭಾರದ ಬ್ರಿಡ್ಜ್ ಬಗ್ಗೆ ಆಮೇಲೆ ಬರುತ್ತೇನೆ, ಅದರ ಕಥೆ ಸ್ವಲ್ಪ ಉದ್ದ.

ವೀಣೆಯಲ್ಲಿ ಬಿರಡೆ, ಕುದುರೆ ಅಂತೀವಲ್ಲ, ಅವುಗಳ ಕೆಲಸವನ್ನೇ ಇಲ್ಲಿ ಟ್ಯೂನರ್, ಬ್ರಿಡ್ಜ್ ಮಾಡುತ್ತವೆ. ಆದರೆ ಬಿರಡೆ ನಿಲ್ಲುವುದು ಮರಕ್ಕೆ ಮರ ಬಿಗಿಯಾಗಿ ಕೂತಿರುವುದರಿಂದ. ಸಡಿಲಾದರೆ ಜಾರುತ್ತದೆ, ಆಗ ಸೀಮೆಸುಣ್ಣ ಹಚ್ಚಿ ಒತ್ತಿ ಕೂರಿಸುತ್ತಾರೆ. ಬೇಸಿನ ಟ್ಯೂನರ್ ಹಾಗಲ್ಲ. ಕೀ ತಿರುಗಿಸಿದಾಗ ಸುರುಳಿ ಕೊರೆದ ಒಂದು ಕಡ್ಡಿ ತಿರುಗುತ್ತದೆ, ಅದು ಒಂದು ಹಲ್ಲಿನ ಚಕ್ರವನ್ನು ತಳ್ಳುತ್ತದೆ, ಚಕ್ರದ ಜೊತೆ ತಂತಿ ಸುತ್ತಿದ ಕಂಬ ತಿರುಗುತ್ತದೆ. 20:1 ಅಂತ ಬರೆದಿದ್ದರೆ ಕೀಯನ್ನು 20 ಸುತ್ತು ತಿರುಗಿಸಿದಾಗ ಕಂಬ ಒಂದು ಸುತ್ತು ಬರುತ್ತದೆ ಅಂತ. ಕೀ ತಿರುಗಿಸಿದರೆ ಕಂಬ ತಿರುಗುತ್ತದೆ, ಆದರೆ ತಂತಿ ಎಷ್ಟೇ ಜಗ್ಗಿದರೂ ಕಂಬ ಕೀಯನ್ನು ತಿರುಗಿಸಲಾರದು. ಹಲ್ಲು ಸವೆದು ಹೋಗಿದ್ದರೆ, ಕಂಬ ಬಾಗಿದ್ದರೆ, ಇಲ್ಲಾ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದು ಕೀ ಕರಕರ ಅನ್ನುತ್ತಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಅಗ್ಗದ ಟ್ಯೂನರ್ ಕೂಡ ಸುಮ್ನೆ ಹಿಂದಕ್ಕೆ ಜಾರುವುದಿಲ್ಲ.

ಹಾಗಾದರೆ ಶ್ರುತಿ ಇಳಿಯುವುದು ಎಲ್ಲಿಂದ? ಮೊದಲು ತಂತಿ ಸುತ್ತಿರುವ ರೀತಿ ನೋಡಿ. ಕಂಬಕ್ಕೆ ಒಂದೇ ಸುತ್ತು ಸುತ್ತಿ ಬಿಟ್ಟಿರುವುದು, ಇಲ್ಲಾ ಐದು ಸುತ್ತು ಒಂದರ ಮೇಲೊಂದು ಹತ್ತಿಸಿರುವುದು, ಎರಡೂ ತಪ್ಪು. ಸರಿಯಾದ ರೀತಿ ಹೀಗೆ: ತಂತಿಯನ್ನು ಎಳೆದು ಹಿಡಿದು, ಅದರದೇ ಕಂಬದಿಂದ ಮುಂದೆ ಸುಮಾರು 10 ಸೆಂಟಿಮೀಟರ್ ಬಿಟ್ಟು ಗುರುತು ಮಾಡಿ. ಆ ಜಾಗದಲ್ಲಿ ಇಕ್ಕಳದಿಂದ ಚೂಪಾಗಿ ಬಗ್ಗಿಸಿ, ಆಮೇಲೆ ಬಾಗಿನ ಆಚೆ ಕತ್ತರಿಸಿ. ಮೊದಲೇ ಕತ್ತರಿಸಿದರೆ ಕೆಲವು ತಂತಿಗಳಲ್ಲಿ ಹೊರಗಿನ ಸುತ್ತು ಒಳಗಿನ ಎಳೆಯ ಮೇಲೆ ಸಡಿಲಾಗಿಬಿಡುತ್ತದೆ, ಹೊಸ ತಂತಿ ಕಟ್ಟಿದ ದಿನವೇ ಸತ್ತ ಹಾಗೆ ಕೇಳುತ್ತದೆ. ತುದಿಯನ್ನು ಕಂಬದ ನಡುವಿನ ತೂತಿಗೆ ಪೂರ್ತಿ ಇಳಿಸಿ, ಸೀಳಿನಲ್ಲಿ ಅಡ್ಡ ಬಗ್ಗಿಸಿ, ಮೇಲಿನಿಂದ ಕೆಳಕ್ಕೆ ಎರಡು ಮೂರು ಸುತ್ತು ಒಂದರ ಪಕ್ಕ ಒಂದು ಬರುವಂತೆ ಸುತ್ತಿ. ಆಮೇಲೆ 12ನೇ ಫ್ರೆಟ್ (ವೀಣೆಯ ಮೆಟ್ಟಿನ ಹಾಗೆ ಕುತ್ತಿಗೆಯ ಮೇಲೆ ಅಡ್ಡ ಇರುವ ಲೋಹದ ಪಟ್ಟಿ) ಹತ್ತಿರ ತಂತಿಯನ್ನು ಕೈಯಿಂದ ಮೆಲ್ಲಗೆ ಎತ್ತಿ ಎಳೆದು ಮತ್ತೆ ಶ್ರುತಿ ಮಾಡಿ. ಇಳಿಯುವುದು ನಿಲ್ಲುವ ತನಕ ಇದೇ ಕೆಲಸ.

ಎರಡನೆಯದು ನಟ್, ಅಂದರೆ ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಅಡ್ಡಪಟ್ಟಿ. ಶ್ರುತಿ ಏರಿಸುವಾಗ "ಟಿಕ್" ಅಂತ ಸದ್ದು ಬಂದು ಸ್ವರ ಒಮ್ಮೆಲೇ ಹಾರಿದರೆ ತಂತಿ ನಟ್ಟಿನ ಗಾಡಿಯಲ್ಲಿ, ಅಂದರೆ ಅದು ಕೂರುವ ಸೀಳಿನಲ್ಲಿ, ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಸೀಸವನ್ನು ಗಾಡಿಯೊಳಗೆ ಉಜ್ಜಿ ನೋಡಿ. ಅಷ್ಟಕ್ಕೆ ಸರಿಹೋಗದಿದ್ದರೆ ಗಾಡಿ ಅಗಲ ಮಾಡಿಸಬೇಕು, ದಪ್ಪ ತಂತಿ ಹಾಕಿದವರಿಗೆ ಇದು ಮಾಮೂಲಿ. ಮೂರನೆಯದು, ತಲೆಯ ಹಿಂದಿನ ಸಣ್ಣ ಸ್ಕ್ರೂಗಳು ಸಡಿಲಾಗಿವೆಯಾ ನೋಡಿ. ಮುಂದೆ ಕಂಬದ ಸುತ್ತ ಇರುವ ಲೋಹದ ಬಳೆ, ಅಂದರೆ ಬುಷ್, ಮೇಲೆ ಎದ್ದಿದೆಯಾ ಬೆರಳಿನಿಂದ ಮುಟ್ಟಿ ನೋಡಿ. ಕೀ ಸ್ವಲ್ಪ ತಿರುಗಿಸಿದರೂ ಸ್ವರ ಬದಲಾಗದೆ ಖಾಲಿ ಹೋಗುತ್ತದಲ್ಲ, ಅದು ಜಾರುವುದಲ್ಲ, ಹಲ್ಲುಗಳ ನಡುವಿನ ಸಂದು ಅಷ್ಟೆ. ಬೇಕಾದ ಸ್ವರಕ್ಕಿಂತ ಕೆಳಗಿಳಿಸಿ, ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿದರೆ ಅದು ತೊಂದರೆ ಕೊಡುವುದಿಲ್ಲ.

ಈಗ ತಲೆ ವಾಲುವ ವಿಷಯ. ಇಲ್ಲಿ ಟ್ಯೂನರಿಗೆ ದುಡ್ಡು ಹಾಕುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಜಾಝ್ ಬೇಸ್ ಮಾದರಿಯಲ್ಲಿ ನಟ್ಟಿನಿಂದ ಬ್ರಿಡ್ಜಿನ ತನಕ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. 12ನೇ ಫ್ರೆಟ್ ಸರಿಯಾಗಿ ಅದರ ಅರ್ಧಕ್ಕೆ. ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬಿನ ಗುಂಡಿಯೂ ಹೆಚ್ಚು ಕಡಿಮೆ ಅಲ್ಲೇ ಬರುತ್ತದೆ. ತಕ್ಕಡಿ ಅಂತ ಇಟ್ಟುಕೊಳ್ಳಿ. ಹಿಡಿ ಗುಂಡಿಯ ಹತ್ತಿರ, ಬ್ರಿಡ್ಜ್ ಒಂದು ಕಡೆ 43 ಸೆಂಟಿಮೀಟರ್ ದೂರದಲ್ಲಿ, ಟ್ಯೂನರ್‌ಗಳು ಇನ್ನೊಂದು ಕಡೆ ನಟ್ಟನ್ನೂ ದಾಟಿ ಸುಮಾರು 55 ಸೆಂಟಿಮೀಟರ್ ದೂರದಲ್ಲಿ. ನನ್ನ ಹಳೆಯ ಟ್ಯೂನರನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ ಒಂದೊಂದು 95 ಗ್ರಾಂ ಬಂತು, ಹೊಸ ಹಗುರದ್ದು 55. ನಾಲ್ಕಕ್ಕೆ 160 ಗ್ರಾಂ ಉಳಿತಾಯ. ಅಷ್ಟೇ ಪರಿಣಾಮವನ್ನು ಬ್ರಿಡ್ಜಿನ ಕಡೆಯಿಂದ ತರಬೇಕಾದರೆ ಅಲ್ಲಿ 200 ಗ್ರಾಂ ಸೇರಿಸಬೇಕು. ಆ 200 ಗ್ರಾಂ ಹೊರುವವರು ಯಾರು? ನಿಮ್ಮ ಹೆಗಲು. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಮೂರು ಗಂಟೆ ನಿಂತು ನುಡಿಸಿದವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹಗುರದ್ದು ಅಂತ ಹುಡುಕುವಾಗ ಹಿಪ್‌ಶಾಟ್‌ನ ಅಲ್ಟ್ರಾಲೈಟ್, ಗೋಟೋದ ರೆಸ್-ಒ-ಲೈಟ್ ಈ ಎರಡು ಹೆಸರು ಮೊದಲು ಸಿಗುತ್ತವೆ. ಹೊರಗಿನಿಂದ ತರಿಸಿದರೆ ಸುಂಕವೂ ಸೇರುತ್ತದೆ, ಆದ್ದರಿಂದ ಅದಕ್ಕೂ ಮೊದಲು ಒಂದು ಅಗಲದ, ಒಳಮೈ ಒರಟಾದ ಚರ್ಮದ ಬೆಲ್ಟ್ ಹಾಕಿ ನೋಡಿ. ನೈಲಾನ್ ಬೆಲ್ಟ್ ಅಂಗಿಯ ಮೇಲೆ ಜಾರುವುದರಿಂದಲೇ ಅರ್ಧ ತೊಂದರೆ. ಬೆಲ್ಟಿಗೇ ಸರಿಹೋದರೆ ಟ್ಯೂನರಿನ ದುಡ್ಡು ಉಳಿಯಿತು.

ಇಲ್ಲ, ಟ್ಯೂನರ್ ತರಿಸುವುದೇ ಅಂದರೆ ಹಳೆಯದರಲ್ಲಿ ಒಂದನ್ನು ಬಿಚ್ಚಿ ಕೈಯಲ್ಲಿಟ್ಟುಕೊಳ್ಳಿ. ಮಿಲಿಮೀಟರಿನ ಭಾಗಗಳನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಒಂದು ಬೇಕೇ ಬೇಕು, ಸ್ಕೇಲಿನಲ್ಲಿ ಈ ಕೆಲಸ ಆಗುವುದಿಲ್ಲ. ಬುಷ್ ತೆಗೆದ ಮೇಲೆ ಮರದ ತೂತು ಎಷ್ಟು ಅಗಲ ಅಂತ ಅಳೆಯಿರಿ. ಸಣ್ಣ ಟ್ಯೂನರ್‌ಗಳಿಗೆ ಸುಮಾರು 14 ಮಿಲಿಮೀಟರ್, ಫೆಂಡರ್ ಕಂಪನಿಯ ಹಳೆಯ ಮಾದರಿಯ ದೊಡ್ಡವಕ್ಕೆ 17ರಿಂದ 18. ತಂತಿ ಸುತ್ತುವ ಕಂಬ ಕೂಡ ಎರಡು ಗಾತ್ರದಲ್ಲಿ ಬರುತ್ತದೆ, ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಅರ್ಧ, ಅಂದರೆ 12.7 ಮತ್ತು 9.5 ಮಿಲಿಮೀಟರ್. ಹಿಂದಿನ ತಗಡಿನ ಉದ್ದಗಲ, ಅದಕ್ಕೆ ಒಂದು ಸ್ಕ್ರೂನೋ ನಾಲ್ಕೋ, ತಲೆಯ ದಪ್ಪ ಎಷ್ಟು, ಪಕ್ಕದ ಟ್ಯೂನರಿಗೆ ತಾಗದ ಹಾಗೆ ಜಾಗ ಇದೆಯಾ, ಇವೆಲ್ಲವನ್ನೂ ಬರೆದುಕೊಳ್ಳಿ. ನಾಲ್ಕೂ ಒಂದೇ ಸಾಲಿನಲ್ಲಿವೆಯೋ, ಎರಡು ಆ ಕಡೆ ಎರಡು ಈ ಕಡೆಯೋ ಅನ್ನುವುದನ್ನು ಆರ್ಡರ್ ಮಾಡುವಾಗ ಮರೆಯುವವರು ಬಹಳ ಜನ. ಎಡದ್ದು ಬಲಕ್ಕೆ ಹಾಕಿದರೆ ಕೀ ಒಳಗಡೆ ತಿರುಗಿ ನಿಲ್ಲುತ್ತದೆ. ಹಳೆಯ ಫೆಂಡರ್ ಮಾದರಿಯವು ಉಲ್ಟಾ ತಿರುಗುತ್ತವೆ ಅನ್ನುವುದೂ ನೆನಪಿರಲಿ. ಒಂದು ಮುರಿಯಿತು ಅಂತ ಒಂದನ್ನೇ ಬೇರೆ ಜಾತಿಯದು ಹಾಕಿದರೆ ಸ್ಟೇಜಿನ ಮೇಲೆ ಅವಸರದಲ್ಲಿ ಕೈ ತಪ್ಪುವುದು ಖಂಡಿತ.

ತೂತು ದೊಡ್ಡದಾಗಿದ್ದು ಟ್ಯೂನರ್ ಸಣ್ಣದಾದರೆ ಹೊಂದಿಸುವ ಬುಷ್ ಸಿಗುತ್ತದೆ. ತೂತೇ ಸಣ್ಣದಾದರೆ ಡ್ರಿಲ್ ಹಚ್ಚಬೇಡಿ. ಡ್ರಿಲ್ಲಿನ ಬಿಟ್ ಕಚ್ಚಿಕೊಂಡು ಮೇಲಿನ ಬಣ್ಣವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಕೈಯಲ್ಲಿ ತಿರುಗಿಸುವ ರೀಮರ್ ತಗೊಂಡು ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಅಗಲ ಮಾಡಿ. ಬೇಸ್ ಹಳೆಯದು, ಬೆಲೆ ಬಾಳುವಂಥದ್ದು ಆಗಿದ್ದರೆ ತೂತು ಮುಟ್ಟಲೇಬೇಡಿ, ಇರುವ ತೂತಿಗೆ ಕೂರುವ ಟ್ಯೂನರನ್ನೇ ಹುಡುಕಿ.

ಇನ್ನು ಬ್ರಿಡ್ಜ್. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದರ ಬ್ರಿಡ್ಜಿನಲ್ಲಿ ಇದ್ದದ್ದು ಎರಡೇ ಸ್ಯಾಡಲ್ (ತಂತಿ ಒರಗಿ ಕೂರುವ ಸಣ್ಣ ತುಂಡು), ಎರಡೆರಡು ತಂತಿಗೆ ಒಂದೊಂದು. 1957ರಲ್ಲಿ ನಾಲ್ಕಾದವು. ಬಗ್ಗಿಸಿದ ತೆಳು ತಗಡು, ಅದರ ಮೇಲೆ ನಾಲ್ಕು ಸಣ್ಣ ಸ್ಯಾಡಲ್, ಇವತ್ತಿಗೂ ಅದೇ ವಿನ್ಯಾಸ ನಡೆಯುತ್ತಿದೆ. ಆಮೇಲೆ ದಪ್ಪ ಲೋಹದ ಭಾರದ ಬ್ರಿಡ್ಜ್‌ಗಳು ಬಂದವು, ಲಿಯೋ ಕ್ವಾನ್ ಬ್ಯಾಡ್ಯಾಸ್ ಅವುಗಳಲ್ಲಿ ಹೆಸರುವಾಸಿ. ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ, ಸದ್ದು ಗಟ್ಟಿಯಾಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಹೆಸರಾಂತ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸಿನಲ್ಲಿ ಬ್ಯಾಡ್ಯಾಸ್ ಇದೆ, ನಿಜ. ಆದರೆ ಇನ್ನೊಬ್ಬ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರು ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ನುಡಿಸಿದ 1962ರ ಪ್ರಿಸಿಷನ್ನಿನಲ್ಲಿ ಇದ್ದದ್ದು ಅದೇ ತೆಳು ತಗಡು, ಅದರ ಮೇಲಿನ ಮುಚ್ಚಳದಡಿ ಸ್ವರ ಬೇಗ ಅಡಗಲಿ ಅಂತ ಇಟ್ಟ ಫೋಮ್! ಒಬ್ಬರಿಗೆ ಸ್ವರ ನಿಲ್ಲಬೇಕು, ಇನ್ನೊಬ್ಬರಿಗೆ ನಿಲ್ಲಬಾರದು. ನನ್ನ ಕಿವಿಗೆ ಬ್ರಿಡ್ಜ್ ಬದಲಾಯಿಸಿದ್ದಕ್ಕಿಂತ ಹಳೆಯ ತಂತಿ ತೆಗೆದು ಹೊಸದು ಹಾಕಿದ್ದೇ ಹತ್ತು ಪಟ್ಟು ದೊಡ್ಡ ಬದಲಾವಣೆಯಾಗಿ ಕೇಳಿದೆ. ಜಗಳಕ್ಕೆ ಬರುವವರು ಬರಲಿ.

ಬ್ರಿಡ್ಜ್ ಬದಲಾಯಿಸಲು ಒಳ್ಳೆಯ ಕಾರಣಗಳು ಇಲ್ಲವೇ ಇಲ್ಲ ಅಂತಲ್ಲ. ಸ್ಯಾಡಲಿನ ಸಣ್ಣ ಸ್ಕ್ರೂ ತುಕ್ಕು ಹಿಡಿದು ತಿರುಗುವುದೇ ಇಲ್ಲ, ಜೋರಾಗಿ ನುಡಿಸಿದರೆ ಸ್ಯಾಡಲ್ ಪಕ್ಕಕ್ಕೆ ಸರಿಯುತ್ತದೆ, ಸ್ಕ್ರೂ ಕಿರಕಿರ ಅನ್ನುತ್ತದೆ, ಇಂಥವಕ್ಕೆ ಬದಲಾಯಿಸಿ. ಆಗ ಸದ್ದಿನ ವರ್ಣನೆ ಓದುವ ಬದಲು ಅಳತೆ ಓದಿ. ದಪ್ಪ ತಂತಿಯ ನಡುವಿನಿಂದ ತೆಳು ತಂತಿಯ ನಡುವಿನ ತನಕ ಅಳೆದರೆ ಫೆಂಡರ್ ಮಾದರಿಯಲ್ಲಿ ಸುಮಾರು 57 ಮಿಲಿಮೀಟರ್ ಬರುತ್ತದೆ, ಅಂದರೆ ತಂತಿಯಿಂದ ತಂತಿಗೆ 19. ಹೊಸದು ಇದಕ್ಕಿಂತ ಅಗಲವಾದರೆ ಹೊರಗಿನ ತಂತಿಗಳು ಫ್ರೆಟ್ಟಿನ ಅಂಚಿನಿಂದ ಜಾರುತ್ತವೆ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಮೇಲೂ ಸರಿಯಾಗಿ ಬರುವುದಿಲ್ಲ. ಇನ್ನೊಂದು ಎತ್ತರ. ಭಾರದ ಬ್ರಿಡ್ಜಿನ ತಳ ದಪ್ಪ, ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಮೇಲೆಯೇ ಉಳಿಯಬಹುದು, ಆಗ ಕುತ್ತಿಗೆ ಬಿಚ್ಚಿ ಅದರಡಿ ಚೂರು ಇಟ್ಟು ಕೋನ ಸರಿಮಾಡುವ ಕೆಲಸ ಬರುತ್ತದೆ. ಈಗಿನ ಬ್ರಿಡ್ಜಿನಲ್ಲಿ ಸ್ಯಾಡಲ್ ಇನ್ನೂ ಎಷ್ಟು ಇಳಿಯುತ್ತದೆ ಅಂತ ನೋಡಿಕೊಂಡರೆ ಇದು ಮೊದಲೇ ಗೊತ್ತಾಗುತ್ತದೆ.

ಸ್ಕ್ರೂ ತೂತುಗಳ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. "ಐದು ತೂತಿನದು, ಎಲ್ಲದಕ್ಕೂ ಕೂರುತ್ತದೆ" ಅಂತ ಬರೆದಿದ್ದ ಒಂದು ಅಗ್ಗದ ಬ್ರಿಡ್ಜ್ ತರಿಸಿದೆ. ಮೂರು ತೂತು ಕೂತವು, ಎರಡು ಎರಡೆರಡು ಮಿಲಿಮೀಟರ್ ಪಕ್ಕಕ್ಕೆ. ಹಳೆಯ ತೂತಿನ ಪಕ್ಕದಲ್ಲೇ ಹೊಸದು ಕೊರೆಯಲು ಹೋದೆ. ಬಿಟ್ ಜಾರಿ ಹಳೆಯ ತೂತಿಗೇ ಇಳಿಯಿತು, ಎರಡೂ ಸೇರಿ ಕಡಲೆಕಾಯಿಯ ಆಕಾರದ ಗುಂಡಿ ಆಯಿತು. ಕೊನೆಗೆ ಮದ್ದು ಕತ್ತರಿಸಿದ ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತುಂಬಿ, ರಾತ್ರಿಯಿಡೀ ಒಣಗಿಸಿ, ಬೆಳಿಗ್ಗೆ ಮಟ್ಟ ಮಾಡಿ ಹೊಸದಾಗಿ ಕೊರೆದೆ. ನೀವು ಹೀಗೆ ಮಾಡಬೇಡಿ. ಹಳೆಯ ಬ್ರಿಡ್ಜ್ ಬಿಚ್ಚಿ, ಆ ಜಾಗಕ್ಕೆ ಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜಿ, ತೂತುಗಳ ಗುರುತು ಮೂಡುತ್ತದೆ. ಒಳ್ಳೆಯ ಕಂಪನಿಗಳು ಬ್ರಿಡ್ಜಿನ ಅಳತೆಯ ಚಿತ್ರ ಕೊಟ್ಟಿರುತ್ತವೆ, ಅದನ್ನು 100% ಗಾತ್ರದಲ್ಲಿ ಪ್ರಿಂಟ್ ತೆಗೆದು ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಪ್ರಿಂಟರ್ ಪುಟಕ್ಕೆ ಹೊಂದಿಸಿ ಚಿಕ್ಕದು ಮಾಡಿರಬಹುದು, ಪ್ರಿಂಟಿನ ಮೇಲೂ ಒಮ್ಮೆ ವರ್ನಿಯರ್ ಇಡಿ.

ಅದೇ ಬ್ರಿಡ್ಜಿನಿಂದ ಇನ್ನೊಂದು ಫಜೀತಿ ಆಯಿತು. ಅದು ಕಪ್ಪು ಬಣ್ಣದ್ದು. ಹಾಕಿ ಆಂಪ್ಲಿಫೈಯರ್ ಆನ್ ಮಾಡಿದರೆ ಗುಂಯ್ ಅಂತ ಒಂದೇ ಸಮನೆ ಸದ್ದು, ತಂತಿ ಮುಟ್ಟಿದರೂ ನಿಲ್ಲಲಿಲ್ಲ. ಬ್ರಿಡ್ಜಿನ ಅಡಿಯಲ್ಲಿ ಮರದಿಂದ ಒಂದು ಬರಿಯ ತಾಮ್ರದ ವೈರ್ ಹೊರಬಂದಿರುತ್ತದೆ, ಅದು ಅರ್ಥ್ ವೈರ್. ತಗಡು ಅದನ್ನು ಒತ್ತಿ ಹಿಡಿಯಬೇಕು. ನನ್ನದರಲ್ಲಿ ವೈರ್ ಅಲ್ಲೇ ಇತ್ತು, ಒತ್ತಿಯೂ ಇತ್ತು, ಆದರೆ ಕಪ್ಪು ಲೇಪನದ ಮೂಲಕ ವಿದ್ಯುತ್ ಹರಿಯುತ್ತಿರಲಿಲ್ಲ. ತಳದಲ್ಲಿ ವೈರ್ ತಾಗುವ ಕಡೆ ಉಗುರಿನಷ್ಟು ಜಾಗ ಹೊಳೆಯುವ ತನಕ ಕೆರೆದೆ, ಸದ್ದು ಹೋಯಿತು. ಮಲ್ಟಿಮೀಟರ್ ಇದ್ದರೆ ಒಂದು ಕಡ್ಡಿ ಬ್ರಿಡ್ಜಿಗೆ, ಇನ್ನೊಂದು ಕಡ್ಡಿ ಕೇಬಲ್ ಚುಚ್ಚುವ ಜ್ಯಾಕಿನ ಹೊರ ಲೋಹಕ್ಕೆ ಇಟ್ಟು "ಬೀಪ್" ಬರುತ್ತದಾ ನೋಡಿ. ಸ್ಕ್ರೂ ಬಿಗಿಯುವ ಮೊದಲು ಅದರ ಸುರುಳಿಗೆ ಸೋಪು ಸವರಿ. ಟ್ಯೂನರಿನ ಸಣ್ಣ ಸ್ಕ್ರೂಗಳಿಗಂತೂ ಇದು ಬೇಕೇ ಬೇಕು, ಗಟ್ಟಿ ಮೇಪಲ್ ಮರದಲ್ಲಿ ಅವುಗಳ ತಲೆ ಪಟ್ ಅಂತ ಮುರಿಯುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಈ ವಾರ ಹೊಸ ತಂತಿ, ನಟ್ಟಿಗೆ ಪೆನ್ಸಿಲ್ ಸೀಸ, ಚರ್ಮದ ಬೆಲ್ಟ್. ಎರಡು ಕಾರ್ಯಕ್ರಮ ನುಡಿಸಿ ನೋಡಿ. ಆಮೇಲೂ ತಲೆ ವಾಲಿದರೆ ಅಳತೆ ತಗೊಂಡು ಹಗುರದ ಟ್ಯೂನರ್ ತರಿಸಿ. ಬ್ರಿಡ್ಜಿನ ಸ್ಯಾಡಲ್‌ಗಳ ಸ್ಕ್ರೂ ತಿರುಗುತ್ತಿದ್ದರೆ ಅದನ್ನು ಹಾಗೇ ಬಿಡಿ, ಸ್ವರಸ್ಥಾನ ಮಾತ್ರ ಸರಿಮಾಡಿಕೊಳ್ಳಿ: 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಅಲ್ಲೇ ಬೆರಳು ತಾಗಿಸಿ ತೆಗೆದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಎಳೆಯಿರಿ, ಇಳಿದಿದ್ದರೆ ಮುಂದಕ್ಕೆ ತಳ್ಳಿ. ಮತ್ತೆ ಹಳೆಯ ಟ್ಯೂನರ್‌ಗಳನ್ನು ಸ್ಕ್ರೂ ಸಮೇತ ಒಂದು ಡಬ್ಬಿಯಲ್ಲಿ ಹಾಕಿಡಿ. ಬೇಸ್ ಮಾರುವ ದಿನ ಬಂದರೆ ಅವನ್ನೇ ವಾಪಸ್ ಹಾಕಿ, ಹೊಸದನ್ನು ಮುಂದಿನ ಬೇಸಿಗೆ ಇಟ್ಟುಕೊಳ್ಳಬಹುದು.