ಹದಿನಾರರ ಫೈಲಿನಲ್ಲಿ ಬರೆಯದ ಹೆಸರು

1961ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಯೊಂದಕ್ಕೆ 17 ವರ್ಷದ ಹುಡುಗಿ ದಾಖಲಾದಳು. ಮೈಗೆಲ್ಲ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ವೈದ್ಯರು ಸ್ಕಿಜೋಫ್ರೇನಿಯಾ ಎಂದರು, ಶಾಕ್ ಕೊಟ್ಟರು, ಒಂಟಿ ಕೋಣೆಯಲ್ಲಿ ಕೂಡಿಹಾಕಿದರು. ಎರಡು ವರ್ಷ ದಾಟಿದ ಮೇಲೆ ಬಿಟ್ಟರು. ಮುಂದೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆ ರೂಪಿಸಿದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹನ್ ಇವರೇ. ಈ ಕಥೆಯನ್ನು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ಅದೇ ಆಸ್ಪತ್ರೆಯಲ್ಲಿ.

ಆ ಚಿಕಿತ್ಸೆ ‘ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್’ ಎಂಬ ಕಾಯಿಲೆಗೆ. ಇದರಲ್ಲಿ ಭಾವನೆಗಳು ಹತೋಟಿಗೆ ಬರುವುದಿಲ್ಲ, ಸಂಬಂಧಗಳು ನಿಲ್ಲುವುದಿಲ್ಲ, ಹಲವರು ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಾರೆ. ‘ಬಾರ್ಡರ್‌ಲೈನ್’ ಎಂಬ ಮಾತನ್ನು ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ 1938ರಲ್ಲೇ ಬಳಸಿದ್ದರು. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಆ ಕಾಯಿಲೆ ಸೇರಿದ್ದು ಮಾತ್ರ 1980ರಲ್ಲಿ. ಒಂಬತ್ತು ಲಕ್ಷಣಗಳಲ್ಲಿ ಐದು ಇದ್ದು, ಒಂದು ವರ್ಷ ಉಳಿದರೆ 18ರೊಳಗಿನವರಿಗೂ ಅದೇ ಹೆಸರು ಕೊಡಬಹುದು ಎಂದು 1994ರ ಆವೃತ್ತಿ ಹೇಳಿತು. ಆದರೂ ವೈದ್ಯರ ಕೈ ಬರಲಿಲ್ಲ. ವ್ಯಕ್ತಿತ್ವ ಇನ್ನೂ ಬಲಿತಿಲ್ಲ, ಹಣೆಪಟ್ಟಿ ಯಾಕೆ ಅಂಟಿಸಬೇಕು ಎಂದುಕೊಂಡು ಫೈಲಿನಲ್ಲಿ ‘ಖಿನ್ನತೆ’ ಎಂದು ಬರೆದು ಮಾತ್ರೆ ಕೊಟ್ಟರು. ಕರುಣೆಯೇ ಇರಬಹುದು. ಆದರೆ ಈ ಕಾಯಿಲೆಗೆ ಮಾತ್ರೆಗಿಂತ ಮಾತಿನ ಚಿಕಿತ್ಸೆಯೇ ಮುಖ್ಯ. ಹೆಸರು ಮುಚ್ಚಿಟ್ಟರೆ ಅದೂ ದಕ್ಕುವುದಿಲ್ಲ.

ಈ ಹಿಂಜರಿಕೆ ಮೀರಿದವರೂ ಇದ್ದರು. ಮೆಲ್ಬರ್ನ್‌ನಲ್ಲಿ ಮನೋವೈದ್ಯ ಆಂಡ್ರ್ಯೂ ಚಾನೆನ್ ಹದಿಹರೆಯದವರಿಗೆಂದೇ ‘ಹೈಪ್’ ಕ್ಲಿನಿಕ್ ಕಟ್ಟಿದರು. ಲೈನ್‌ಹನ್ ಪದ್ಧತಿಯನ್ನು ಅಲೆಕ್ ಮಿಲ್ಲರ್, ಜಿಲ್ ರಾಥಸ್ ಎಂಬಿಬ್ಬರು ಮಕ್ಕಳಿಗೆ ಹೊಂದಿಸಿ, ಗುಂಪು ತರಗತಿಗೆ ಅಪ್ಪ ಅಮ್ಮಂದಿರನ್ನೂ ಕೂರಿಸಿದರು. ತೊಡಕಿದ್ದದ್ದು ಕಲಿಕೆಯಲ್ಲಿ. ಡಿಬಿಟಿಯ ಪೂರ್ಣ ತರಬೇತಿಗೆ ಐದೈದು ದಿನಗಳ ಎರಡು ಕಂತು, ನಡುವೆ ತಿಂಗಳುಗಟ್ಟಲೆ ಅಭ್ಯಾಸ, ಜೊತೆಗೊಂದು ತಂಡ. ಹೊರರೋಗಿ ವಿಭಾಗದಲ್ಲಿ ಒಬ್ಬರೇ ಕೂತ ವೈದ್ಯರಿಗೆ ಇದು ಎಲ್ಲಿ ಸಾಧ್ಯ?

ದಾರಿ ತೋರಿದ್ದು 2009ರ ಟೊರಾಂಟೊ ಅಧ್ಯಯನ. 180 ವಯಸ್ಕರಲ್ಲಿ ಡಿಬಿಟಿಗೆ ಸರಿಸಮನಾಗಿ ಫಲ ಕೊಟ್ಟದ್ದು ಅಚ್ಚುಕಟ್ಟಾದ ಸಾಮಾನ್ಯ ಮನೋವೈದ್ಯಕೀಯ ಆರೈಕೆ! ಆ ಆರೈಕೆಯ ಮೂಲ ಅಮೆರಿಕದ ಮನೋವೈದ್ಯ ಜಾನ್ ಗುಂಡರ್‌ಸನ್ ಅವರ ಚಿಂತನೆ. ಆ ಪದ್ಧತಿಯನ್ನು ಈಗ ಒಂದೇ ದಿನದ ತರಬೇತಿಯಲ್ಲಿ ಕಲಿಸುತ್ತಾರೆ. ಹದಿಹರೆಯದವರಿಗಾಗಿ ಅದರ ಕೈಪಿಡಿ 2021ರಲ್ಲಿ ಬಂತು. ಅಲ್ಲಿ ವೈದ್ಯರು ಮೊದಲು ಕಲಿಯುವುದು ಕಾಯಿಲೆಯ ಹೆಸರು ಹೇಳುವುದನ್ನು. ಒಂಬತ್ತು ಲಕ್ಷಣಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು, “ಇದರಲ್ಲಿ ಯಾವುದು ನಿನ್ನದು ಅನ್ನಿಸುತ್ತೆ?” ಎಂದು ಹುಡುಗಿಯನ್ನೇ ಕೇಳಬೇಕು. ಬಹುತೇಕರು ವರ್ಷಗಳಲ್ಲಿ ಸುಧಾರಿಸುತ್ತಾರೆ ಎಂಬುದನ್ನೂ ಆಗಲೇ ಹೇಳಬೇಕು.

ಕನ್ನಡದಲ್ಲಿ ಇದನ್ನು ಹೇಳಹೊರಟರೆ ಇನ್ನೊಂದು ಪೇಚು. ನಮ್ಮಲ್ಲಿ ರೂಢಿಯಲ್ಲಿರುವ ಪದ ‘ವ್ಯಕ್ತಿತ್ವ ದೋಷ’. ಜಾತಕದಲ್ಲಷ್ಟೇ ‘ದೋಷ’ ಕೇಳಿ ಗೊತ್ತಿರುವ ತಾಯಿಗೆ, ಮಗಳ ಎದುರೇ, ಅದನ್ನು ಹೇಗೆ ಹೇಳುವುದು?